ಸೆನ್ಸರ್ ಬದಲಿಸುವ ಮುನ್ನ ತಂತಿಯನ್ನು ಕೇಳಿ

ಅಬುಧಾಬಿ: ಇಲ್ಲಿನ ಮುಸಾಫ್ಫಾ ಕೈಗಾರಿಕಾ ಪ್ರದೇಶದ ನಮ್ಮ ವರ್ಕ್‌ಶಾಪಿನಲ್ಲಿ ಕನ್ನಡ ಮಾತಾಡುವವರು ನಾಲ್ವರು. ಒಬ್ಬರು ಕುಂದಾಪುರದವರು, ಒಬ್ಬರು ಧಾರವಾಡದವರು, ಒಬ್ಬರು ಕೆಜಿಎಫ್‌ನವರು, ನಾಲ್ಕನೆಯವನು ಬಳ್ಳಾರಿಯಲ್ಲಿ ಐಟಿಐ ಮುಗಿಸಿ ಬಂದ ಹುಡುಗ. ಧಾರವಾಡದಲ್ಲಿ ಟಾಟಾ ಹಿಟಾಚಿ, ಕೆಜಿಎಫ್‌ನಲ್ಲಿ ಬೆಮೆಲ್ ಕಾರ್ಖಾನೆಗಳಿವೆ. ಮಣ್ಣು ಅಗೆಯುವ ಯಂತ್ರಗಳು ನಮ್ಮವರಿಗೆ ಹೊಸತೇನಲ್ಲ. ಆದರೆ ಊರಲ್ಲಿ ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದ ನಾವು, ಇಲ್ಲಿಗೆ ಬಂದ ಮೇಲೆ ಪರದೆಯಲ್ಲಿ ಮೂಡುವ ಅಂಕಿಗಳನ್ನು ಓದಲು ಕಲಿಯಬೇಕಾಯಿತು.

ಒಂದು ಬೇಸಿಗೆಯ ಮಾತು. ನಮ್ಮೂರ ಕಡೆ ಎಲ್ಲರೂ ಹಿಟಾಚಿ ಎಂದೇ ಕರೆಯುವ ಜಾತಿಯ ಎಕ್ಸ್‌ಕವೇಟರ್ ಒಂದು ಕೆಲಸದ ನಡುವೆ ಶಕ್ತಿ ಕಳೆದುಕೊಂಡು ಮುಗ್ಗರಿಸುತ್ತಿತ್ತು. ಪರದೆಯಲ್ಲಿ ಎಂಜಿನ್ ಆಯಿಲ್ ಒತ್ತಡದ ಎಚ್ಚರಿಕೆ. ಇಪ್ಪತ್ತು ದಿನಗಳಲ್ಲಿ ಮೂರು ಸೆನ್ಸರ್ ಬದಲಾದವು. ಪ್ರತಿ ಸಲವೂ ಎರಡು ದಿನ ಸುಮ್ಮನಿದ್ದು ಮತ್ತೆ ಅದೇ ಗೋಳು. ಕೊನೆಗೆ ಮೇಲಿನವರು ಬೆರಳು ತೋರಿಸಿದ್ದು ಯಂತ್ರ ಓಡಿಸುತ್ತಿದ್ದ ಗದಗ ಕಡೆಯ ಆಪರೇಟರ್‌ನತ್ತ. ಆಯಿಲ್ ನೋಡದೆ ಯಂತ್ರ ಓಡಿಸಿದ್ದಾನೆ, ಖರ್ಚನ್ನು ಸಂಬಳದಲ್ಲಿ ಹಿಡಿಯಬೇಕು ಎಂಬ ಮಾತು ಬಂತು. ಮಗಳ ಕಾಲೇಜು ಫೀಸು ಕಟ್ಟಬೇಕಿದ್ದ ತಿಂಗಳದು. ಆ ರಾತ್ರಿ ಅವರು ನಮ್ಮ ಕೋಣೆಗೆ ಬಂದು, ‘ಬೆಳಿಗ್ಗೆ ಕಡ್ಡಿ ಅದ್ದಿ ಆಯಿಲ್ ನೋಡದೆ ನಾನು ಕೀಲಿ ತಿರುವಿದವನೇ ಅಲ್ಲ’ ಎಂದಷ್ಟೇ ಹೇಳಿ ಹೋದರು.

ಮರುದಿನ ನಾವು ಕೋಡನ್ನು ಪೂರ್ತಿ ಓದಿದೆವು. ಭಾರಿ ಯಂತ್ರಗಳ ಎಂಜಿನ್‌ಗಳು ಹೆಚ್ಚಾಗಿ ಬಳಸುವ ಜೆ1939 ಪದ್ಧತಿಯಲ್ಲಿ ಕೋಡಿಗೆ ಎರಡು ಭಾಗ. ಮೊದಲನೆಯದು ಎಸ್‌ಪಿಎನ್, ಯಾವ ಅಳತೆ ಎಂಬುದು. 100 ಎಂದರೆ ಎಂಜಿನ್ ಆಯಿಲ್ ಒತ್ತಡ, 110 ಎಂದರೆ ಕೂಲಂಟ್ ಬಿಸಿ. ಎರಡನೆಯದು ಎಫ್‌ಎಂಐ, ಏನಾಗಿದೆ ಎಂಬುದು. ಅಲ್ಲಿ 1 ಬಂದರೆ ಒತ್ತಡ ನಿಜವಾಗಿಯೂ ಅಪಾಯದ ಮಟ್ಟಕ್ಕೆ ಇಳಿದಿದೆ ಎಂದರ್ಥ. 3 ಬಂದರೆ ವೋಲ್ಟೇಜ್ ಮಿತಿ ಮೀರಿದೆ, 4 ಬಂದರೆ ಮಿತಿಗಿಂತ ಕೆಳಗಿದೆ. ನಮ್ಮ ಪರದೆಯಲ್ಲಿ ಇದ್ದದ್ದು 100ರ ಜತೆಗೆ 4.

ಈ ಬಗೆಯ ಒತ್ತಡದ ಸೆನ್ಸರ್‌ಗೆ ಮೂರು ತಂತಿ. ಒಂದರಲ್ಲಿ 5 ವೋಲ್ಟ್ ಹೋಗುತ್ತದೆ, ಒಂದು ಅರ್ತ್, ಇನ್ನೊಂದರಲ್ಲಿ ಉತ್ತರ ಬರುತ್ತದೆ. ಒತ್ತಡ ಸೊನ್ನೆಯಾದರೂ ಸೆನ್ಸರ್ ಸಾಮಾನ್ಯವಾಗಿ ಅರ್ಧ ವೋಲ್ಟ್ ಉತ್ತರ ಕೊಡುತ್ತದೆ. ಪೂರ್ತಿ ಒತ್ತಡದಲ್ಲಿ ಸುಮಾರು ನಾಲ್ಕೂವರೆ. ಆದ್ದರಿಂದ ಉತ್ತರ ಸೊನ್ನೆ ವೋಲ್ಟ್ ಆಗಿದ್ದರೆ ಆಯಿಲ್ ಇಲ್ಲವೆಂದು ಓದಬಾರದು, ಸೆನ್ಸರ್‌ನ ಮಾತು ಕಂಪ್ಯೂಟರ್‌ಗೆ ತಲುಪುತ್ತಿಲ್ಲವೆಂದು ಓದಬೇಕು. ಹಳೆಯ ದಾಖಲೆ ತೆಗೆದಾಗ ಮತ್ತೊಂದು ಸುಳಿವು ಸಿಕ್ಕಿತು. ಅದೇ ಗಳಿಗೆಯಲ್ಲಿ ಟರ್ಬೊ ಒತ್ತಡದ ಸೆನ್ಸರ್ ಕೂಡ 4 ಎಂದಿತ್ತು. ಎರಡಕ್ಕೂ 5 ವೋಲ್ಟ್ ಒಂದೇ ತಂತಿಯಿಂದ ಹೋಗುತ್ತದೆ. ಎರಡು ಮನೆಯ ದೀಪ ಒಟ್ಟಿಗೇ ಆರಿದರೆ ಬಲ್ಬ್ ಬಿಚ್ಚುತ್ತೇವೆಯೇ, ಕಂಬ ನೋಡುತ್ತೇವೆಯೇ?

ಮೊದಲು ಎಂಜಿನ್‌ಗೆ ಮೆಕ್ಯಾನಿಕಲ್ ಗೇಜ್ ಹಾಕಿ ನೋಡಿದೆವು. ಆಯಿಲ್ ಒತ್ತಡ ಸರಿಯಾಗಿತ್ತು. ಆಮೇಲೆ 5 ವೋಲ್ಟ್ ತಂತಿಗೆ ಮೀಟರ್ ಹಿಡಿದು, ಎರಡೂ ಸೆನ್ಸರ್ ಕಳಚಿ, ತಂತಿಯ ಕಟ್ಟನ್ನು ಗೇಣು ಗೇಣಾಗಿ ಅಲುಗಾಡಿಸುತ್ತ ಹೋದೆವು. ಎಂಜಿನ್ ಹಿಂಬದಿಯ ಒಂದು ಕಬ್ಬಿಣದ ಪಟ್ಟಿಯ ಬಳಿ ಕೈ ಹೋಗುತ್ತಲೇ ಮೀಟರ್ ಸೊನ್ನೆಗೆ ಬಿತ್ತು. ಪಟ್ಟಿಯ ಅಂಚಿಗೆ ಉಜ್ಜಿ ಉಜ್ಜಿ ತಂತಿಯ ಸಿಪ್ಪೆ ಸವೆದಿತ್ತು. ಯಂತ್ರ ಬಿರುಸಾಗಿ ಅಗೆದು ಎಂಜಿನ್ ಅದುರಿದಾಗ ತಾಮ್ರ ಕಬ್ಬಿಣಕ್ಕೆ ತಾಗುತ್ತಿತ್ತು, ಅಷ್ಟೆ. ಒಂದು ಗೇಣು ತಂತಿ, ಒಂದು ಕ್ಲಿಪ್ಪು, ಕೆಲಸ ಮುಗಿಯಿತು. ಗೇಜಿನ ಅಳತೆ, ಕೋಡುಗಳು, ಸವೆದ ತಂತಿಯ ಫೋಟೊ ಎಲ್ಲವನ್ನೂ ವರದಿಗೆ ಲಗತ್ತಿಸಿದೆವು. ಸಂಬಳ ಹಿಡಿಯುವ ಮಾತು ಅಲ್ಲಿಗೇ ನಿಂತಿತು.

ಕತೆ ಇಲ್ಲಿಗೆ ಮುಗಿದಿದ್ದರೆ ನಮಗೆ ಹೆಮ್ಮೆಯಷ್ಟೇ ಉಳಿಯುತ್ತಿತ್ತು. ಎರಡು ತಿಂಗಳ ಬಳಿಕ ಒಂದು ಲೋಡರ್‌ನಿಂದ ಅದೇ ಆಯಿಲ್ ಒತ್ತಡದ ಎಚ್ಚರಿಕೆ ಬಂತೆಂದು ಫೋನ್ ಬಂತು. ‘ಇದೂ ತಂತಿಯದೇ ಇರಬೇಕು, ಶಿಫ್ಟ್ ಮುಗಿಸಿ ತನ್ನಿ’ ಎಂದುಬಿಟ್ಟೆವು. ಎರಡನೇ ಅಂಕಿ ಯಾವುದೆಂದು ಕೇಳಲೇ ಇಲ್ಲ. ಅದು 1 ಆಗಿತ್ತು. ಸಂಜೆಗೆ ಬೇರಿಂಗ್ ಸುಟ್ಟು ಎಂಜಿನ್ ಹಿಡಿದುಕೊಂಡಿತು. ಆ ದಿನ ಸೆನ್ಸರ್ ನಿಜ ಹೇಳಿತ್ತು. ಕೇಳದೆ ಹೋದವರು ನಾವು. ತಪ್ಪು ಯಾರದೆಂದು ವರದಿಯಲ್ಲಿ ನಾವೇ ಬರೆದೆವು. ಗದಗದ ಆ ಹಿರಿಯರ ಮುಖ ನೆನಪಿದ್ದುದರಿಂದ, ಲೋಡರ್ ಓಡಿಸಿದವನ ಮೇಲೆ ಅದನ್ನು ಹೊರಿಸುವ ಧೈರ್ಯ ನಮಗೆ ಬರಲಿಲ್ಲ.

ಅಂದಿನಿಂದ ನಮ್ಮಲ್ಲಿ ಒಂದು ರೂಢಿ ಬೆಳೆದಿದೆ. ಇಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಯಲಲ್ಲಿ ಬಿಸಿಲಿಗೆ ಮೈಯೊಡ್ಡಿ ಕೆಲಸ ಮಾಡಿಸುವಂತಿಲ್ಲ. ಆ ಬಿಡುವಿನಲ್ಲಿ ಬುತ್ತಿ ಮುಗಿಸಿ, ಹಳೆಯ ತಂತಿಯ ಕಟ್ಟೊಂದನ್ನು ಮುಂದಿಟ್ಟುಕೊಂಡು ಬಳ್ಳಾರಿಯ ಹುಡುಗನಿಗೆ ಕನ್ನಡದಲ್ಲೇ ಪಾಠ. ಎರಡೂ ಅಂಕಿ ಓದು. ಎಚ್ಚರಿಕೆ ಆಯಿಲ್ ಒತ್ತಡದ್ದಾದರೆ ಮೊದಲು ಎಂಜಿನ್ ನಿಲ್ಲಿಸು, ಕಡ್ಡಿ ಅದ್ದಿ ನೋಡು, ಗೇಜ್ ಹಾಕಿ ಒತ್ತಡ ಅಳೆ. ಆಮೇಲೆ ತಂತಿ. ಸೆನ್ಸರ್ ಬಿಚ್ಚುವುದು ಕೊನೆಗೆ.

ಊರಿನಲ್ಲೂ ಈ ಪಾಠಕ್ಕೆ ಕಾಲ ಬಂದಿದೆ. ಚಕ್ರದ ಮೇಲೆ ಓಡುವ ನಿರ್ಮಾಣ ಯಂತ್ರಗಳಿಗೆ ಭಾರತದಲ್ಲಿ 2021ರ ಏಪ್ರಿಲ್‌ನಿಂದ ಹೊಸ ಮಾಲಿನ್ಯ ನಿಯಮ ಬಂದ ಮೇಲೆ ಜೆಸಿಬಿಗಳಲ್ಲೂ ಸೆನ್ಸರ್‌ಗಳು ಹೆಚ್ಚಿವೆ. ಸಾಲ ಮಾಡಿ ಯಂತ್ರ ಕೊಂಡ ನಮ್ಮೂರ ಹುಡುಗರಿಗೆ ನಾವು ಫೋನಿನಲ್ಲಿ ಹೇಳುವುದೂ ಇದನ್ನೇ. ಹೊಸ ಸೆನ್ಸರ್‌ಗೆ ದುಡ್ಡು ಕೊಡುವ ಮುನ್ನ, ಡ್ರೈವರ್‌ನನ್ನು ಬೈಯುವ ಮುನ್ನ, ಮೀಟರ್ ಹಿಡಿದು ಒಮ್ಮೆ ತಂತಿಯನ್ನು ಕೇಳಿ.