ಹಳೆಯ ದೀಪ: ಅಸಲಿಯೋ ನಕಲಿಯೋ?

‘ಬಾದಾಮಿ ಚಾಲುಕ್ಯರ ಕಾಲದ್ದು, ಹೊಲ ಅಗೆಯುವಾಗ ಸಿಕ್ಕಿದ್ದು’ ಎಂದು ಹೇಳಿ ಯಾರೋ ಒಂದು ಹಿತ್ತಾಳೆ ದೀಪವನ್ನು ಮಾರಲು ತಂದರೆ ನಂಬುವುದು ಹೇಗೆ? ಲೋಹವಿಜ್ಞಾನದ ಬಳಿ ಹಲವು ಪರೀಕ್ಷೆಗಳಿವೆ. ಆದರೆ ಅವು ನಕಲಿಯನ್ನು ಹಿಡಿದುಕೊಡುವಷ್ಟು ಸಲೀಸಾಗಿ ಅಸಲಿಯನ್ನು ಸಾಬೀತು ಮಾಡುವುದಿಲ್ಲ. ಕೊಳ್ಳುವವರು ಮೊದಲು ತಿಳಿಯಬೇಕಾದದ್ದು ಇದನ್ನೇ.

ಎಲ್ಲರ ಕಣ್ಣು ಮೊದಲು ಹೋಗುವುದು ಹಸಿರು ಕಿಲುಬಿನ ಕಡೆಗೆ. ನಕಲಿ ಮಾಡುವವರಿಗೂ ಅದು ಗೊತ್ತು. ಮಣ್ಣಿನಲ್ಲಿ ಶತಮಾನಗಟ್ಟಲೆ ಹೂತಿದ್ದ ತಾಮ್ರದ ಮಿಶ್ರಲೋಹದಲ್ಲಿ ಸಾಮಾನ್ಯವಾಗಿ ಲೋಹಕ್ಕೆ ಅಂಟಿಕೊಂಡು ಕ್ಯೂಪ್ರೈಟ್ ಎಂಬ ಕೆಂಪು ಆಕ್ಸೈಡ್ ಬೆಳೆಯುತ್ತದೆ, ಅದರ ಮೇಲೆ ಮ್ಯಾಲಕೈಟ್ ಎಂಬ ಹಸಿರು ಕಾರ್ಬೊನೇಟ್ ಕೂರುತ್ತದೆ. ಸವಕಳಿ ಲೋಹದ ಹರಳುಗಳ ಸಂದುಗಳಿಗೂ ಇಳಿದಿರುತ್ತದೆ. ನವಸಾಗರವನ್ನೋ ಆಮ್ಲವನ್ನೋ ಬಳಿದು ಕೆಲವೇ ದಿನಗಳಲ್ಲಿ ಬರಿಸಿದ ಕಿಲುಬು ಹೀಗೆ ಆಳಕ್ಕೆ ಇಳಿಯುವುದಿಲ್ಲ. ಅಂಟಿನಲ್ಲಿ ಕಲಸಿ ಹಚ್ಚಿದ ಹಸಿರಾದರೆ ಅಸಿಟೋನ್ ಅದ್ದಿದ ಹತ್ತಿಯಲ್ಲಿ ಒರೆಸಿದಾಗ ಎಷ್ಟೋ ಸಲ ಬಣ್ಣ ಬಿಡುತ್ತದೆ.

ಹಾಗೆಂದು ಕಿಲುಬಿಲ್ಲದ ದೀಪವೆಲ್ಲ ಹೊಸದೇನಲ್ಲ. ದೇವರ ಮನೆಯ ದೀಪಗಳನ್ನು ಹುಣಸೆಹಣ್ಣಿನಿಂದ ತಿಕ್ಕಿ ಬೆಳಗುವುದು ನಮ್ಮ ವಾಡಿಕೆ. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲ ಆಕ್ಸೈಡನ್ನು ಕರಗಿಸುವುದರಿಂದ ಕಿಲುಬು ಬೆಳೆಯಲು ಅವಕಾಶವೇ ಇರುವುದಿಲ್ಲ. ಇಂಥ ದೀಪದ ವಯಸ್ಸನ್ನು ಹೇಳುವುದು ಸವೆತ. ಕೈ ಹಿಡಿಯುವ ಕಂಬ, ತುದಿಯ ಹಂಸದ ಕೊಕ್ಕು, ತಟ್ಟೆಯ ಅಂಚು ನುಣ್ಣಗಾಗಿರುತ್ತವೆ. ಬೆರಳು ತಲುಪದ ಸಂದುಗಳಲ್ಲಿ ಗೆರೆಗಳು ಚೂಪಾಗಿಯೇ ಉಳಿದು, ಎಣ್ಣೆಯ ಜಿಡ್ಡು ಕಪ್ಪಗೆ ಗಟ್ಟಿಯಾಗಿರುತ್ತದೆ. ಮೈಯೆಲ್ಲ ಒಂದೇ ಸಮನೆ ಸವೆದಿದ್ದರೆ ಅದು ಯಂತ್ರದ ಕೆಲಸವೆಂದು ಅನುಮಾನಿಸಬೇಕು.

ಮುಂದಿನ ಸಾಕ್ಷಿ ಸತು. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಬೆರಕೆ. ಸತು 907 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಅದರ ಅದಿರಿನಿಂದ ಲೋಹ ಬಿಡಿಸಲು ಅದಕ್ಕಿಂತ ಹೆಚ್ಚಿನ ಶಾಖ ಬೇಕು. ಹಾಗಾಗಿ ಸತು ಆವಿಯಾಗಿಯೇ ಹೊರಬರುತ್ತದೆ. ಹಿಂದಿನವರು ತಾಮ್ರದ ಚೂರು, ಸತುವಿನ ಅದಿರು, ಇದ್ದಿಲನ್ನು ಮುಚ್ಚಿದ ಮೂಸೆಯಲ್ಲಿ ಕಾಯಿಸಿ ಆ ಆವಿಯನ್ನು ತಾಮ್ರಕ್ಕೆ ಹೀರಿಸುತ್ತಿದ್ದರು. ಈ ವಿಧಾನದಲ್ಲಿ ಸತು ಸುಮಾರು ಶೇ 28ರ ಆಚೆ ಸೇರುವುದು ಕಷ್ಟ. ಆವಿಯನ್ನು ತಣಿಸಿ ಶುದ್ಧ ಸತು ಪಡೆಯುವ ವಿದ್ಯೆ ದೊಡ್ಡ ಪ್ರಮಾಣದಲ್ಲಿ ಬೆಳೆದದ್ದು ಮಧ್ಯಯುಗದಲ್ಲಿ, ಉದಯಪುರದ ಬಳಿಯ ಜಾವರ್‌ನಲ್ಲಿ. ಆದ್ದರಿಂದ ‘ಚಾಲುಕ್ಯರ ದೀಪ’ದಲ್ಲಿ ಶೇ 37 ಸತು ಕಂಡರೆ ಆ ಕಥೆಯನ್ನು ನಂಬುವುದು ಕಷ್ಟ. ಇದನ್ನು ಅಳೆಯುವ ಎಕ್ಸ್‌-ರೇ ಪ್ರತಿದೀಪ್ತಿ ಉಪಕರಣ ದೀಪಕ್ಕೆ ಗಾಯ ಮಾಡುವುದಿಲ್ಲ. ಆದರೆ ಅದು ನೋಡುವುದು ಮೇಲ್ಮೈಯನ್ನಷ್ಟೇ. ಸವಕಳಿಯಲ್ಲಿ ಮೇಲ್ಮೈಯ ಸತು ಕಳೆದುಹೋಗಿದ್ದರೆ ಅಂಕಿ ದಾರಿ ತಪ್ಪಿಸಬಹುದು.

ಲೋಹದಲ್ಲಿ ಬೆರೆತ ಸೀಸವೂ ಗಡಿಯಾರವಾಗಬಲ್ಲದು. ಅದಿರು ಕರಗಿಸಿದಾಗ ರೇಡಿಯಂ ಬಹುಪಾಲು ಕಿಟ್ಟದಲ್ಲೇ ಉಳಿಯುತ್ತದೆ. ಸೀಸ-210 ಎಂಬ ವಿಕಿರಣಶೀಲ ರೂಪ ಲೋಹದೊಡನೆ ಬರುತ್ತದೆ. ಅದರ ಅರ್ಧಾಯುಷ್ಯ ಸುಮಾರು 22 ವರ್ಷ. ನೂರೈವತ್ತು ವರ್ಷಗಳಲ್ಲಿ ಶೇಕಡಾ ಒಂದರಷ್ಟೂ ಉಳಿಯುವುದಿಲ್ಲ. ಅದು ಧಾರಾಳವಾಗಿ ಸಿಕ್ಕರೆ ಸೀಸ ಹೊಸದು. ಸಿಗದಿದ್ದರೆ? ಲೋಹ ಹಳೆಯದಿರಬಹುದು, ದೀಪವಲ್ಲ. ಹಳೆಯ ಪಾತ್ರೆಗಳನ್ನು ಕರಗಿಸಿ ನಿನ್ನೆ ಎರಕ ಹೊಯ್ದರೂ ಫಲಿತಾಂಶ ಇದೇ. ನಕಲಿಯನ್ನು ಹಿಡಿಯಲು ಒಂದು ಸುಳಿವು ಸಾಕು, ಅಸಲಿಗೆ ಎಲ್ಲ ಸುಳಿವುಗಳೂ ಒಂದನ್ನೊಂದು ಒಪ್ಪಬೇಕು ಎನ್ನುವುದು ಇದಕ್ಕೇ.

ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಶಾರದಾ ಶ್ರೀನಿವಾಸನ್ ಅವರು ದಕ್ಷಿಣ ಭಾರತದ ಕಂಚಿನ ಮೂರ್ತಿಗಳನ್ನು ಅಧ್ಯಯನ ಮಾಡಿದ್ದೂ ಹೀಗೆ ಹಲವು ಸಾಕ್ಷಿಗಳನ್ನು ಕೂಡಿಸಿ: ಸೀಸದ ಐಸೊಟೋಪುಗಳು, ಲೋಹದಲ್ಲಿ ಅತ್ಯಲ್ಪವಾಗಿರುವ ಧಾತುಗಳು, ಜೊತೆಗೆ ಶಿಲ್ಪದ ಶೈಲಿ.

ಭೂಮಿಯಲ್ಲಿ ದೀಪವೇನಾದರೂ ಸಿಕ್ಕರೆ ದಯವಿಟ್ಟು ತಿಕ್ಕಿ ತೊಳೆಯಬೇಡಿ. ಕಿಲುಬು, ಮಣ್ಣು, ಮಸಿ ಎಲ್ಲವೂ ಸಾಕ್ಷಿಗಳೇ. ಸಿಕ್ಕ ಜಾಗವನ್ನು ಗುರುತು ಮಾಡಿ ಜಿಲ್ಲಾಡಳಿತಕ್ಕೋ ಪುರಾತತ್ವ ಇಲಾಖೆಗೋ ತಿಳಿಸಿ. ನೂರು ವರ್ಷ ದಾಟಿದ ಇಂಥ ಕಲಾವಸ್ತುಗಳು 1972ರ ಕಾಯ್ದೆಯಡಿ ಪ್ರಾಚ್ಯವಸ್ತುಗಳು. ಅವನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವುದು ಅಪರಾಧ.