ಬಾಹ್ಯಾಕಾಶದ ಉಗ್ರಾಣಿ

2023ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದೊಳಗೆ ಒಂದು ಟೊಮೇಟೊ ಕಾಣೆಯಾಯಿತು. ಅಲ್ಲೇ ಬೆಳೆದ ಪುಟ್ಟ ಹಣ್ಣು. ಅಮೆರಿಕದ ಗಗನಯಾತ್ರಿ ಫ್ರಾಂಕ್ ರುಬಿಯೊ ಪಾಲಿಗೆ ಬಂದದ್ದು. ಚೀಲದಲ್ಲಿಟ್ಟಿದ್ದು ಎಲ್ಲೋ ತೇಲಿಹೋಯಿತು. ಗುಟ್ಟಾಗಿ ತಿಂದು ಮುಗಿಸಿರಬೇಕೆಂದು ಜೊತೆಗಾರರು ಅವರ ಕಾಲೆಳೆದರು. 371 ದಿನ ಬಾಹ್ಯಾಕಾಶದಲ್ಲಿ ಕಳೆದ ರುಬಿಯೊ ಸೆಪ್ಟೆಂಬರಿನಲ್ಲಿ ಭೂಮಿಗೆ ಮರಳಿದರು. ಹಣ್ಣು ಸಿಕ್ಕಿದೆ ಎಂಬ ಸುದ್ದಿ ಮೇಲಿನಿಂದ ಬಂದದ್ದು ಡಿಸೆಂಬರಿನಲ್ಲಿ.

ಹಣ್ಣು ಹೋದರೆ ಹೋಗಲಿ, ಔಷಧಿಯೋ ಯಂತ್ರದ ಬಿಡಿಭಾಗವೋ ಹೀಗೆ ಕಾಣೆಯಾದರೆ ಕಷ್ಟ. ಭೂಮಿಯ ಮೇಲೆ ಕೈಜಾರಿದ್ದು ಕಾಲಬುಡದಲ್ಲೇ ಬಿದ್ದಿರುತ್ತದೆ. ಅಲ್ಲಿ ಕೈಬಿಟ್ಟದ್ದು ಫ್ಯಾನುಗಳ ಗಾಳಿಯ ಜತೆ ಸಾಗಿಬಿಡುತ್ತದೆ. ಅದಕ್ಕೇ ಕಳೆದದ್ದನ್ನು ಮೊದಲು ಹುಡುಕುವುದು ಗಾಳಿ ಒಳಸೇರುವ ಜಾಲರಿಗಳ ಮೇಲೆ. ಗೋಡೆ, ಚಾವಣಿ, ನೆಲ ಎಲ್ಲವೂ ಅಲ್ಲಿ ಕಪಾಟುಗಳೇ. 2000ದ ನವೆಂಬರಿನಿಂದ ಜನವಾಸ ನಿಂತಿಲ್ಲ, ಸಾಮಾನು ಬರುವುದೂ ನಿಂತಿಲ್ಲ. ಆದರೆ ತಂಡಗಳು ಸುಮಾರು ಆರು ತಿಂಗಳಿಗೊಮ್ಮೆ ಬದಲಾಗುತ್ತವೆ. ಇಟ್ಟವರೊಬ್ಬರು, ಹುಡುಕುವವರು ಇನ್ನೊಬ್ಬರು. ನೆನಪನ್ನು ನಂಬಿ ಸಂಸಾರ ನಡೆಸುವ ಹಾಗಿಲ್ಲ.

ಹಾಗಾಗಿ ಅಲ್ಲಿ ಸಾಮಾನಿನ ಲೆಕ್ಕವನ್ನೆಲ್ಲ ಒಂದು ತಂತ್ರಾಂಶ ನೋಡಿಕೊಳ್ಳುತ್ತದೆ. ಹ್ಯೂಸ್ಟನ್ನಿನ ನಿಯಂತ್ರಣ ಕೇಂದ್ರದಲ್ಲಿ ದಾಸ್ತಾನಿಗೆಂದೇ ಒಬ್ಬ ಅಧಿಕಾರಿ ಇರುತ್ತಾರೆ. ಈ ಉಗ್ರಾಣಿಯ ಮೊದಲ ಕೆಲಸ ವಸ್ತುಗಳಿಗಲ್ಲ, ಜಾಗಗಳಿಗೆ ಹೆಸರಿಡುವುದು. ‘ಲ್ಯಾಬ್1ಡಿ3’ ಎಂಬ ಗುರುತನ್ನೇ ನೋಡಿ. ಲ್ಯಾಬ್ ಎಂದರೆ ಅಮೆರಿಕದ ‘ಡೆಸ್ಟಿನಿ’ ಪ್ರಯೋಗಾಲಯ. ಡಿ ಎಂದರೆ ಡೆಕ್, ಅಂದರೆ ಭೂಮಿಗೆ ಮುಖಮಾಡಿದ ಬದಿ. 3 ಎಂಬುದು ಆ ಸಾಲಿನ ಮೂರನೆಯ ಕಪಾಟಿನ ಸ್ಥಾನ. ಭೂಮಿಯನ್ನು ನೋಡಲು 51 ಸೆಂಟಿಮೀಟರ್ ಅಗಲದ ಗಾಜಿನ ಕಿಟಕಿ ಇರುವುದು ಅಲ್ಲೇ. ಮೇಲು ಕೆಳಗು ಇಲ್ಲದ ಮನೆಯಲ್ಲೂ ದಿಕ್ಕುಗಳನ್ನು ಹೀಗೆ ಕಾಗದದ ಮೇಲೆ ಗೊತ್ತುಮಾಡಿಕೊಂಡಿದ್ದಾರೆ.

ಇಂಥ ತಂತ್ರಾಂಶಗಳ ಜಾಣತನ ಇರುವುದು ಒಂದೇ ಪ್ರಶ್ನೆಯಲ್ಲಿ: ಇದು ಯಾವುದರ ಒಳಗಿದೆ? ಬ್ಯಾಟರಿ ಒಂದು ಜಿಪ್ ಚೀಲದಲ್ಲಿದೆ. ಆ ಚೀಲ 27ನೇ ನಂಬರಿನ ದೊಡ್ಡ ಬ್ಯಾಗಿನಲ್ಲಿದೆ ಎಂದಿಟ್ಟುಕೊಳ್ಳಿ. ಬ್ಯಾಗು ‘ಯೂನಿಟಿ’ ಕೊಠಡಿಯ ಕಪಾಟಿನಲ್ಲಿದೆ. ಬ್ಯಾಟರಿಯ ದಾಖಲೆಗೆ ಕಪಾಟಾಗಲಿ ಕೊಠಡಿಯಾಗಲಿ ಗೊತ್ತಿಲ್ಲ. ಗೊತ್ತಿರುವುದು ತನ್ನ ಜಿಪ್ ಚೀಲ ಮಾತ್ರ. ಕೇಳಿದಾಗ ತಂತ್ರಾಂಶ ಒಂದೊಂದೇ ಮೆಟ್ಟಿಲು ಹತ್ತಿ ಪೂರ್ತಿ ವಿಳಾಸ ಹೇಳುತ್ತದೆ. ನಾಳೆ ಆ ಬ್ಯಾಗನ್ನು 2011ರಿಂದ ಉಗ್ರಾಣವಾಗಿಯೇ ಬಳಕೆಯಲ್ಲಿರುವ ‘ಲಿಯೊನಾರ್ಡೊ’ ಕೊಠಡಿಗೆ ಸಾಗಿಸಿದರೆ, ಬ್ಯಾಗಿನ ಒಂದು ಸಾಲು ತಿದ್ದಿದರೆ ಮುಗಿಯಿತು. ಒಳಗಿರುವ ನೂರು ವಸ್ತುಗಳ ವಿಳಾಸ ತಾನಾಗಿ ಬದಲಾಗುತ್ತದೆ. ನೂರು ಕಡೆ ಪೂರ್ತಿ ವಿಳಾಸ ಬರೆದಿಟ್ಟಿದ್ದರೆ ನೂರನ್ನೂ ತಿದ್ದಬೇಕಿತ್ತು, ಒಂದು ತಪ್ಪಿದರೂ ಲೆಕ್ಕ ಸುಳ್ಳಾಗುತ್ತಿತ್ತು. ಒಂದು ಸಂಗತಿಯನ್ನು ಒಂದೇ ಕಡೆ ಬರೆ ಎಂಬ ಈ ಶಿಸ್ತಿಗೆ ಗಣಿತದ ತಳಹದಿ ಹಾಕಿದವರು ಐಬಿಎಂನಲ್ಲಿದ್ದ ಎಡ್ಗರ್ ಕಾಡ್. ಡೇಟಾಬೇಸ್ ಕುರಿತ ಅವರ ಪ್ರಸಿದ್ಧ ಪ್ರಬಂಧ ಬಂದದ್ದು 1970ರಲ್ಲಿ.

ಕೆಲವು ವಸ್ತುಗಳಿಗೆ ಜಾಗವೆಂದರೆ ವಿಳಾಸದ ಜೊತೆಗೆ ಪಥ್ಯವೂ ಹೌದು. 2025ರಲ್ಲಿ ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ನಿಲ್ದಾಣದಲ್ಲಿ ಧಾರವಾಡದ ವಿಜ್ಞಾನಿಗಳ ಪ್ರಯೋಗಕ್ಕಾಗಿ ಹೆಸರುಕಾಳು, ಮೆಂತ್ಯ ಮೊಳಕೆ ಬರಿಸಿದರು. ಆ ಮೊಳಕೆ ಮುಂದಿನ ಅಧ್ಯಯನಕ್ಕೆ ಫ್ರೀಜರ್ ಸೇರಬೇಕಿತ್ತು. ಬೇರೆ ಕಡೆ ಇಟ್ಟು ಮರೆತರೆ ವಸ್ತು ಸಿಕ್ಕರೂ ಪ್ರಯೋಗ ಕೆಟ್ಟಂತೆ.

ಇಷ್ಟಾದರೂ ತಂತ್ರಾಂಶಕ್ಕೆ ಕಣ್ಣಿಲ್ಲ. ಕೊನೆಯ ಸಲ ಯಾರೋ ಹೇಳಿದ್ದಷ್ಟೇ ಅದಕ್ಕೆ ಗೊತ್ತು. ಬಾರ್‌ಕೋಡಿಗೆ ರೀಡರ್ ಹಿಡಿಯದೆ ವಸ್ತುವನ್ನು ಸರಿಸಿದ ಕ್ಷಣವೇ ದಾಖಲೆ ಹಳತಾಗುತ್ತದೆ. ಅದಕ್ಕೇ ನಾಸಾ 2017ರಿಂದ ರೇಡಿಯೊ ಗುರುತುಚೀಟಿಗಳನ್ನು ಪರೀಕ್ಷಿಸುತ್ತಿದೆ. ಈ ಚೀಟಿಗೆ ಬ್ಯಾಟರಿ ಬೇಡ. ಕೊಠಡಿಯ ಆಂಟೆನಾ ಕಳಿಸಿದ ಅಲೆಯಿಂದಲೇ ಶಕ್ತಿ ಪಡೆದು ತನ್ನ ಸಂಖ್ಯೆಯನ್ನು ಉತ್ತರವಾಗಿ ಕಳಿಸುತ್ತದೆ. ತೊಡಕು ಲೋಹದ ಗೋಡೆಗಳದ್ದು: ಅಲೆಗಳು ಅಲ್ಲಿಲ್ಲಿ ಬಡಿದು ಪ್ರತಿಫಲಿಸುವುದರಿಂದ ಚೀಟಿ ಇದೆ ಎಂದು ತಿಳಿದರೂ ಯಾವ ಮೂಲೆಯಲ್ಲಿದೆ ಎಂದು ಹೇಳುವುದು ಕಷ್ಟ. ಆದ್ದರಿಂದ ‘ಆಸ್ಟ್ರೋಬೀ’ ಎಂಬ ಹಾರುವ ಪುಟ್ಟ ರೋಬಾಟಿಗೆ ರೀಡರ್ ಕಟ್ಟಿ, ಹತ್ತಿರ ಹೋಗಿ ಹುಡುಕಿಸುವ ಪ್ರಯತ್ನವೂ ನಡೆದಿದೆ.

‘ಯಾವುದರ ಒಳಗಿದೆ?’ ಎಂಬ ಅದೇ ತತ್ವದ ಮೇಲೆ ಮನೆಬಳಕೆಗೂ ‘ಹೋಮ್‌ಬಾಕ್ಸ್’ನಂಥ ಉಚಿತ ತಂತ್ರಾಂಶಗಳಿವೆ. ಕೋಣೆ, ಅಟ್ಟ, ಪೆಟ್ಟಿಗೆ ಎಂದು ಒಂದರೊಳಗೊಂದು ಜಾಗ ನಮೂದಿಸಿ, ಪೆಟ್ಟಿಗೆಗೆ ಕ್ಯೂಆರ್ ಚೀಟಿ ಅಂಟಿಸಬಹುದು. ಪೆಟ್ಟಿಗೆಯ ಮೇಲೆ ‘ಹಬ್ಬದ ಸಾಮಾನು’ ಎಂದು ಬರೆಯುವುದಕ್ಕಿಂತ ನಂಬರು ಹಾಕುವುದು ಮೇಲು. ಒಳಗಿನ ಸಾಮಾನು ಬದಲಾದರೂ ನಂಬರು ಬದಲಾಗದು. ದಾಖಲೆಯನ್ನು ತಿದ್ದುವುದು ಇಡುವಾಗಲೇ ಆಗಬೇಕು. ಆದರೆ ಸೂಜಿ, ಗುಂಡಿಗೆಲ್ಲ ವಿಳಾಸ ಬರೆಯಹೊರಟರೆ ವಾರದೊಳಗೆ ಸುಸ್ತಾಗುತ್ತದೆ. ವರ್ಷಕ್ಕೊಮ್ಮೆ ಬೇಕಾಗುವ ಮನೆಪತ್ರ, ವಾರಂಟಿ ಕಾರ್ಡು, ಹಳೆಯ ಬೀಗದಕೈಗಳಿಗೆ ದಾಖಲೆ ಇರಲಿ. ದಿನಾ ಕೈಗೆ ಸಿಗುವ ಸೌಟಿಗೆ ತಂತ್ರಾಂಶ ಬೇಡ.