ಹೊಳಪಿನಡಿಯ ಐಬು

ಕಾರಿನ ವಿಷಯವೆಂದೊಡನೆ ಪುಟ ಮಗುಚಬೇಡಿ ಸಹೋದರಿಯರೇ. ಇದು ಗಂಡಸರ ಮಾತು, ನಮಗೇನು ಎಂದು ನಿಮಗೆ ಅನಿಸಬಹುದು. ಆದರೆ ಜಗತ್ತಿನಲ್ಲಿ ಮೊತ್ತಮೊದಲು ಕಾರಿನಲ್ಲಿ ದೂರ ಪ್ರಯಾಣ ಮಾಡಿದ್ದು ಒಬ್ಬ ತಾಯಿ. 1888ರ ಆಗಸ್ಟ್‌ನಲ್ಲಿ ಜರ್ಮನಿಯ ಮ್ಯಾನ್‌ಹೈಮ್‌ನಿಂದ ಸುಮಾರು ನೂರು ಕಿಲೋಮೀಟರ್ ದೂರದ ಫೋರ್ಟ್ಸ್‌ಹೈಮ್‌ನ ತವರಿಗೆ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಹೊರಟವಳು ಬರ್ತಾ ಬೆಂಝ್. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ತನ್ನ ಟೋಪಿಯ ಪಿನ್ನಿನಿಂದಲೇ ಅದನ್ನು ಬಿಡಿಸಿದಳು. ಗಂಡನಿಗೆ ಹೇಳದೆ ಹೊರಟಿದ್ದಳಂತೆ. ಅದನ್ನು ನಾನು ಸಮರ್ಥಿಸುತ್ತಿಲ್ಲ, ಪಿನ್ನಿನ ಉಪಾಯವನ್ನಷ್ಟೇ ಮೆಚ್ಚುತ್ತಿದ್ದೇನೆ! ಆಕೆಯ ಗಂಡ ಕಾರ್ಲ್ ಬೆಂಝ್‌ನ ಹೆಸರು ಇಂದಿಗೂ ಮರ್ಸಿಡಿಸ್ ಬೆಂಝ್ ಕಾರುಗಳ ಮೇಲಿದೆ.

ಇದನ್ನು ಬರೆಯಲು ಕಾರಣ ಒಂದು ದೂರವಾಣಿ ಕರೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಗಂಡನೊಂದಿಗೆ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದಾಳೆ. ಆತ ಇಂಜಿನಿಯರ್. "ಎಂಟು ವರ್ಷದ ಉಳಿತಾಯದಲ್ಲಿ ಮುಕ್ಕಾಲು ಪಾಲು ಹಾಕಿ ಮೂವತ್ತು ವರ್ಷ ದಾಟಿದ ಹಳೆಯ ಕಾರೊಂದನ್ನು ಕೊಳ್ಳುತ್ತೇನೆ ಎನ್ನುತ್ತಿದ್ದಾರೆ. ಇದು ದುಂದುವೆಚ್ಚವಲ್ಲವೇ?" ಎಂದು ಕೇಳಿದಳು. ಹೌದು ಎನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. ಆದರೆ ವಸ್ತು ಏನೆಂದು ಅರಿಯದೆ ಅದರ ವಿಧಿ ಹೇಳಬಾರದೆಂದು ನಮ್ಮ ಉಸ್ತಾದರು ಕಲಿಸಿದ್ದರು. ಆ ಕಾರು ಯಾವುದು, ಅದರಲ್ಲಿ ಅಂಥದ್ದೇನಿದೆ ಎಂದು ಕೇಳಿದೆ. ಅವಳ ಗಂಡನೇ ಫೋನ್ ತೆಗೆದುಕೊಂಡ. ಮುಕ್ಕಾಲು ಗಂಟೆ ಮಾತಾಡಿದ. ನಂತರ ನಾನೂ ಅಲ್ಲಿ ಇಲ್ಲಿ ಓದಿಕೊಂಡೆ.

ಕಾರಿನ ಹೆಸರು ಮರ್ಸಿಡಿಸ್ ಬೆಂಝ್ 500 ಇ. ಹೊರಗಿನಿಂದ ನೋಡಿದರೆ ಆ ಕಾಲದ ಸಾಮಾನ್ಯ ಬೆಂಝ್‌ನಂತೆಯೇ ಇದೆ. 1995ರಿಂದ ನಮ್ಮ ಪುಣೆಯಲ್ಲೂ ಜೋಡಣೆಯಾದ, ಡಬ್ಲ್ಯೂ 124 ಎಂದು ಕರೆಯಲಾಗುವ ಆ ಚೌಕಟ್ಟು ಚೌಕಟ್ಟಾದ ಕಾರನ್ನು ನೀವು ಯಾವುದಾದರೂ ಮದುವೆ ಮನೆಯ ಮುಂದೆ ಕಂಡಿರಲೂಬಹುದು. 500 ಇ ಅದರ ಒಡಹುಟ್ಟು, ಆದರೆ ಒಡಲೊಳಗೆ ಎಂಟು ಸಿಲಿಂಡರ್‌ಗಳ ಐದು ಲೀಟರ್ ಇಂಜಿನ್, 326 ಅಶ್ವಶಕ್ತಿ. ನಿಂತಲ್ಲಿಂದ ನೂರು ಕಿಲೋಮೀಟರ್ ವೇಗಕ್ಕೆ ಬರಲು ಸುಮಾರು ಆರು ಸೆಕೆಂಡು ಸಾಕು. ಗಂಟೆಗೆ 250 ಕಿಲೋಮೀಟರ್ ಮೀರದಂತೆ ಕಂಪೆನಿಯೇ ಕಡಿವಾಣ ಹಾಕಿತ್ತು. ಚಕ್ರಗಳ ಮೇಲಿನ ತಗಡು ತುಸು ಉಬ್ಬಿರುವುದೊಂದೇ ಗುರುತು. ಬಲವಿದ್ದೂ ಅದನ್ನು ತೋರಿಸಿಕೊಳ್ಳದ ಈ ಸ್ವಭಾವ ನನಗೆ ಹಿಡಿಸಿತು.

ಅದು ತಯಾರಾದ ಕಥೆ ಇನ್ನೂ ಸ್ವಾರಸ್ಯದ್ದು. ಆ ಉಬ್ಬಿನಿಂದಾಗಿ ಕಾರು 56 ಮಿಲಿಮೀಟರ್ ಅಗಲವಾಯಿತು. ಝಿಂಡೆಲ್‌ಫಿಂಗೆನ್‌ನಲ್ಲಿದ್ದ ಬೆಂಝ್ ಕಾರ್ಖಾನೆಯ ಸಾಲಿನಲ್ಲಿ ಅದು ಹಿಡಿಸಲಿಲ್ಲ. ನೆರೆಯ ತ್ಸುಫೆನ್‌ಹೌಸೆನ್‌ನಲ್ಲಿದ್ದ ಪೋರ್ಶೆ ಕಂಪೆನಿಗೆ ಆಗ ಕಷ್ಟಕಾಲ, ಮಾರಾಟ ಕುಸಿದು ಕೆಲಸಗಾರರಿಗೆ ಕೆಲಸವಿರಲಿಲ್ಲ. ಕಾರನ್ನು ರೂಪಿಸುವ ಹೊಣೆಯನ್ನು 1988ರಲ್ಲಿ ಪೋರ್ಶೆಗೆ ಕೊಟ್ಟರು, ಮುಂದೆ ಜೋಡಿಸುವ ಕೆಲಸವನ್ನೂ. ಬೆಂಝ್‌ನಿಂದ ಬಂದ ಭಾಗಗಳನ್ನು ಪೋರ್ಶೆಯವರು ಕೈಯಲ್ಲಿ ಜೋಡಿಸಿ ಒಡಲು ಕಟ್ಟುತ್ತಿದ್ದರು, ಅದು ಬಣ್ಣ ಬಳಿಸಿಕೊಳ್ಳಲು ಬೆಂಝ್‌ಗೆ ಹೋಗುತ್ತಿತ್ತು, ಇಂಜಿನ್ ಕೂರಿಸಿಕೊಳ್ಳಲು ಮತ್ತೆ ಪೋರ್ಶೆಗೆ, ಕೊನೆಯ ತಪಾಸಣೆಗೆ ಪುನಃ ಬೆಂಝ್‌ಗೆ. ಮದುಮಗಳ ಬಟ್ಟೆ ದರ್ಜಿಯ ಮನೆಗೂ ಕಸೂತಿಯವಳ ಮನೆಗೂ ಅಲೆದ ಹಾಗೆ! ಒಂದು ಕಾರಿಗೆ 18 ದಿನ ಹಿಡಿಯುತ್ತಿತ್ತು. 1990ರಿಂದ 1995ರ ತನಕ ಹೀಗೆ ತಯಾರಾದವು 10,479 ಮಾತ್ರ. ಸಂಗ್ರಾಹಕರು ಇದರ ಬೆನ್ನು ಬೀಳಲು ಇದೇ ಕಾರಣ.

ಇಷ್ಟು ವರ್ಷಗಳ ನಂತರ ಅಂಥ ಕಾರೊಂದು ಚೆನ್ನಾಗಿ ಉಳಿದಿದೆ ಎನ್ನುವುದು ಹೇಗೆ? ಹೊಳಪಿನಿಂದಲ್ಲ. ಬಣ್ಣ ನಾಳೆ ಬೆಳಿಗ್ಗೆಯೂ ಬಳಿಯಬಹುದು. ಕಾರು ಕಡಿಮೆ ಓಡಿದ್ದರೆ ಸಾಕು ಎಂದು ತಿಳಿದವರಿದ್ದಾರೆ, ಅದೂ ಪೂರ್ತಿ ನಿಜವಲ್ಲ. ಪೆಟ್ಟಿಗೆಯಲ್ಲಿಟ್ಟ ಜರಿ ಸೀರೆ ಮಡಿಕೆಯಲ್ಲೇ ಹರಿಯುವುದನ್ನು ನೀವು ಕಂಡಿದ್ದೀರಿ. ನಿಂತೇ ಇದ್ದ ಕಾರಿನ ರಬ್ಬರು ಒಣಗಿ ಬಿರಿಯುತ್ತದೆ, ಟಯರು ನೆಲ ತಾಗಿದ ಕಡೆ ಚಪ್ಪಟೆಯಾಗುತ್ತದೆ. ಜರ್ಮನಿಯಲ್ಲಿ ಜಾಣರು ಮೊದಲು ಕೇಳುವುದು ಸರ್ವಿಸ್ ಪುಸ್ತಕವನ್ನು. ಯಾವ ವರ್ಷ, ಎಷ್ಟು ಕಿಲೋಮೀಟರಿಗೆ, ಯಾವ ಗ್ಯಾರೇಜು ಏನು ಮಾಡಿತು ಎಂಬುದಕ್ಕೆ ಮುದ್ರೆಯೊತ್ತಿದ ದಾಖಲೆ ಅದು. ಮಗುವಿನ ಲಸಿಕೆ ಕಾರ್ಡನ್ನು ಜೋಪಾನವಾಗಿಟ್ಟ ತಾಯಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಹಳೆಯ ಕಾರುಗಳಿಗೆ ಒಂದರಿಂದ ಐದರ ತನಕ ದರ್ಜೆಯೂ ಇದೆ. ಒಂದು ಎಂದರೆ ಕುಂದಿಲ್ಲದ್ದು, ಐದು ಎಂದರೆ ಬಿಚ್ಚಿ ಕಟ್ಟಬೇಕಾದದ್ದು. ಮೂವತ್ತು ವರ್ಷ ತುಂಬಿ, ಮೂಲರೂಪದಲ್ಲೇ ಚೆನ್ನಾಗಿ ಉಳಿದಿದೆಯೆಂದು ಪರೀಕ್ಷಕರು ಒಪ್ಪಿದರೆ ನಂಬರ್ ಪ್ಲೇಟಿನ ಕೊನೆಗೆ 'ಎಚ್' ಅಕ್ಷರ ಸಿಗುತ್ತದೆ. 1997ರಲ್ಲಿ ಬಂದ ಪದ್ಧತಿ ಇದು. ಆಗ ಇಂಜಿನ್ ಎಷ್ಟೇ ದೊಡ್ಡದಿರಲಿ, ವರ್ಷಕ್ಕೆ 191 ಯೂರೋ ಚಿಲ್ಲರೆ ತೆರಿಗೆ ಕಟ್ಟಿದರಾಯಿತು.

ಇನ್ನು ಕಣ್ಣಿಗೆ ಬೀಳದ ಐಬುಗಳು. 1990ರ ದಶಕದ ಮೊದಲರ್ಧದ ಹಲವು ಬೆಂಝ್‌ಗಳಲ್ಲಿ ಇಂಜಿನ್ ತಂತಿಗಳ ಹೊದಿಕೆ ಬಿಸಿಗೆ ಒಣಗಿ ಪುಡಿಯಾಗುತ್ತದೆ. ಮುಟ್ಟಿದರೆ ಉದುರುತ್ತದೆ, ಮುಟ್ಟುವ ತನಕ ಗೊತ್ತೇ ಆಗುವುದಿಲ್ಲ. ಬದಿಯ ಪ್ಲಾಸ್ಟಿಕ್ ಪಟ್ಟಿಯ ಹಿಂದೆ, ಜಾಕ್ ಕೊಡುವ ಜಾಗದಲ್ಲಿ ತುಕ್ಕು ಅಡಗಿರುತ್ತದೆ. ಮೀಟರನ್ನು ಹಿಂದಕ್ಕೆ ತಿರುಗಿಸುವ ಮೋಸವೂ ಉಂಟು. 2005ರಿಂದ ಜರ್ಮನಿಯಲ್ಲಿ ಅದು ಜೈಲುಶಿಕ್ಷೆಗೆ ಗುರಿಯಾಗುವ ಅಪರಾಧ.

ಇಲ್ಲಿಗೆ ಬಂದಾಗ ಆ ಕಾರು ನನಗೆ ಪರಕೀಯ ಅನಿಸಲಿಲ್ಲ. ಮದೀನಾದ ಮಾರುಕಟ್ಟೆಯಲ್ಲಿ ಪ್ರವಾದಿ(ಸ)ರು ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಬೆರಳಿಗೆ ಒದ್ದೆ ತಾಗಿದ ಘಟನೆ ನಿಮಗೆ ತಿಳಿದದ್ದೇ. ಮಳೆಗೆ ನೆನೆಯಿತು ಎಂದ ವ್ಯಾಪಾರಿಗೆ, ಹಾಗಾದರೆ ಜನರಿಗೆ ಕಾಣುವಂತೆ ಅದನ್ನು ಮೇಲಿಡಲಿಲ್ಲವೇಕೆ ಎಂದು ಅವರು ಕೇಳಿದರು. ಮಳೆ ಅವನ ತಪ್ಪಾಗಿರಲಿಲ್ಲ ನೋಡಿ, ಮುಚ್ಚಿಟ್ಟದ್ದು ತಪ್ಪು. ಇದರ ಮೇಲೆಯೇ ಫಿಕ್‌ಹ್‌ನಲ್ಲಿ 'ಖಿಯಾರುಲ್ ಐಬ್' ಎಂಬ ಹಕ್ಕು ನಿಂತಿದೆ: ಐಬು ಮುಚ್ಚಿಟ್ಟು ಮಾರಿದ್ದು ನಂತರ ತಿಳಿದರೆ ಕೊಂಡವನು ವಸ್ತುವನ್ನು ಹಿಂದಿರುಗಿಸಬಹುದು. ಜರ್ಮನಿಯ ಕಾನೂನಿನಲ್ಲೂ ಖಾಸಗಿಯಾಗಿ ಮಾರುವವನು 'ಖಾತರಿ ಇಲ್ಲ' ಎಂದು ಕರಾರು ಬರೆಸಿಕೊಳ್ಳಬಹುದಾದರೂ, ಬೇಕೆಂದೇ ಬಚ್ಚಿಟ್ಟ ಐಬಿಗೆ ಆ ಕರಾರು ರಕ್ಷಣೆ ಕೊಡದು.

ಆ ಹುಡುಗನಿಗೆ ಹೇಳಿದೆ: ಕಾರು ನೋಡಲು ಹೋಗುವಾಗ ಹೆಂಡತಿಯನ್ನೂ ಕರೆದುಕೊಂಡು ಹೋಗು, ಹಣ ಇಬ್ಬರ ಮಕ್ಕಳದ್ದು. ಮೊದಲ ಕಾರು ಕನ್ನಡಿಯಂತೆ ಹೊಳೆಯುತ್ತಿತ್ತಂತೆ. ಪುಸ್ತಕ ಎಲ್ಲಿ ಎಂದರೆ ಮನೆ ಬದಲಿಸುವಾಗ ಕಳೆದುಹೋಯಿತು ಎಂದ ಮಾರುವವನು. ಎರಡನೆಯದ್ದು ಒಬ್ಬ ವೃದ್ಧರದ್ದು. ಅವರು ಚಹಾ ಕೊಡುವ ಮೊದಲೇ ಒಂದು ಹಾಳೆ ಮುಂದಿಟ್ಟರಂತೆ. ಎಡ ಬಾಗಿಲಿನ ಕೆಳಗೆ ತುಕ್ಕು ತೆಗೆಸಿದ್ದು, ತಂತಿಗಳನ್ನು ಬದಲಿಸಿದ್ದು, ಹಿಂದಿನ ಸಸ್ಪೆನ್ಶನ್ ಸದ್ಯದಲ್ಲೇ ಖರ್ಚು ಕೇಳುವುದು, ಹಿಂದಿನ ಸೀಟಿನ ತೊಗಲಲ್ಲಿ ಮೊಮ್ಮಗನ ಪೆನ್ನಿನ ಗೀರು, ಎಲ್ಲವೂ ಅದರಲ್ಲಿ. "ಪೆನ್ನಿನ ಗೀರು ಓದಿದ ಮೇಲೆ ನನಗೆ ಉಳಿದದ್ದೆಲ್ಲ ನಂಬಿಕೆಯಾಯಿತು" ಎಂದಳು ನನ್ನ ವಿದ್ಯಾರ್ಥಿನಿ. ಬೆಲೆ ಮಾತ್ರ ಹೆಚ್ಚಾಯಿತು. ಊರಿನಲ್ಲಿ ಮನೆಯ ಮೇಲ್ಮಾಳಿಗೆ ಕಟ್ಟಲು ತೆಗೆದಿಟ್ಟದ್ದನ್ನು ಮುಟ್ಟಬೇಕಾಗುತ್ತಿತ್ತು. ಅವಳು ಒಪ್ಪಲಿಲ್ಲ. ಅವನು ಎರಡು ದಿನ ಮಾತು ಕಡಿಮೆ ಮಾಡಿದ. ನಂತರ ಅವನೇ ಆ ವೃದ್ಧರಿಗೆ ಫೋನ್ ಮಾಡಿ, ಆಗುವುದಿಲ್ಲ, ಕ್ಷಮಿಸಿ ಎಂದು ತಿಳಿಸಿದ. ಅವರು ಬೇಸರಿಸಲಿಲ್ಲ, ಒಂದು ದಿನ ಬಾ, ಸವಾರಿ ಮಾಡಿಸುತ್ತೇನೆ ಎಂದರಂತೆ.

ದುಂದುವೆಚ್ಚವೇ ಎಂಬ ಪ್ರಶ್ನೆಗೆ ನನ್ನ ಉತ್ತರ ಹೀಗಿತ್ತು: ಮನೆಯವರ ಅಗತ್ಯ ತಡೆದು ಕೊಂಡರೆ ಹೌದು, ಮಿಕ್ಕಿದ್ದರಲ್ಲಿ ಕೊಂಡು ಬಳಸಿದರೆ ಹಾಗೆನ್ನಲಾರೆ. ಅವಳು ಝಕಾತ್‌ನ ಬಗ್ಗೆಯೂ ಕೇಳಿದಳು. ಸ್ವಂತ ಉಪಯೋಗದ ವಾಹನಕ್ಕೆ ಝಕಾತ್ ಇಲ್ಲ. ಬೆಲೆ ಏರಿದ ಮೇಲೆ ಮಾರುವೆನೆಂಬ ಉದ್ದೇಶದಿಂದಲೇ ಕೊಂಡದ್ದಾದರೆ ಅದು ವ್ಯಾಪಾರದ ಸರಕು. ನಿಸಾಬ್ ಮುಟ್ಟಿ ಚಾಂದ್ರಮಾನ ವರ್ಷ ತುಂಬಿದಾಗ ಎರಡೂವರೆ ಶೇಕಡಾ ಕೊಡಬೇಕು, ಅದೂ ಕೊಂಡ ಬೆಲೆಯ ಮೇಲಲ್ಲ, ಆ ದಿನದ ಮಾರುಕಟ್ಟೆ ಬೆಲೆಯ ಮೇಲೆ. ಗಿರಾಕಿಯ ಮುಂದೆ ಒಂದನೇ ದರ್ಜೆಯಾಗಿದ್ದ ಕಾರು ರಮಝಾನಿನ ಲೆಕ್ಕದ ಪುಸ್ತಕದಲ್ಲಿ ಮೂರನೇ ದರ್ಜೆಗೆ ಇಳಿಯುವಂತಿಲ್ಲ ಎಂದೆ. ಫೋನಿನ ಆ ಕಡೆ ಗಂಡ ಹೆಂಡತಿ ಇಬ್ಬರೂ ನಕ್ಕದ್ದು ಕೇಳಿಸಿತು.